ಫ್ಲೀಟ್: ಅಧಿಕಾರಿ ಮತ್ತು ಸಂಪಾದಕ

1867ರಲ್ಲಿ ಮುಂಬಯಿ ಪ್ರಾಂತ್ಯದ ಆಡಳಿತ ಸೇವೆಗೆ ಬಂದ ಜೆ. ಎಫ್. ಫ್ಲೀಟ್ (1847–1917) ಅವರು ಕನ್ನಡ ಶಾಸನಗಳ ಅಧ್ಯಯನದಿಂದ ಖ್ಯಾತರಾದವರು. 1885ರಲ್ಲಿ ಆರ್. ಸಿ. ಟೆಂಪಲ್ ಅವರೊಡನೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯ ಸಂಪಾದಕತ್ವ ವಹಿಸಿದ ಅವರು, ಅದೇ ವರ್ಷದಿಂದ ಅದರಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದರು. 1831ರಲ್ಲಿ ಕಂಪನಿ ಸರ್ಕಾರ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣ, 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಸೆಣಸಿದ ಹಲಗಲಿಯ ಬೇಡರು ಅವುಗಳ ಕಥಾನಾಯಕರಲ್ಲಿ ಸೇರಿದ್ದರು. ಆಳುವ ಸರ್ಕಾರದ ಅಧಿಕಾರಿಗೆ ಇಂಥ ಹಾಡುಗಳನ್ನು ಕೈಬಿಡುವುದು ಸುಲಭವಿತ್ತು. ಅನುವಾದವನ್ನಷ್ಟೇ ಕೊಟ್ಟು ಮೂಲವನ್ನು ಮರೆಮಾಡುವುದು ಇನ್ನೂ ಸುಲಭವಿತ್ತು. ಫ್ಲೀಟರು ಕನ್ನಡ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಒಟ್ಟಿಗೆ ಅಚ್ಚಿಗೆ ಕೊಟ್ಟರು. ಅಧಿಕಾರಿಯ ನಿಷ್ಠೆ ಸರ್ಕಾರಕ್ಕೆ, ಸಂಪಾದಕನ ನಿಷ್ಠೆ ಪಾಠಕ್ಕೆ. ಇವೆರಡೂ ಎದುರಾದ ಈ ಪ್ರಸಂಗದಲ್ಲಿ ಗೆದ್ದದ್ದು ಪಾಠನಿಷ್ಠೆ. ಅದರಿಂದಲೇ ಸೋತವರ ಹಾಡು ಗೆದ್ದವರ ಪತ್ರಿಕೆಯಲ್ಲಿ ಉಳಿದು, ಕನ್ನಡ ಜಾನಪದ ಅಧ್ಯಯನಕ್ಕೆ ಆಧಾರವಾಯಿತು.