ಪಂಡಿತಾ ರಮಾಬಾಯಿಯವರ ಪರದೇಶವಾಸ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೆಣ್ಣುಮಕ್ಕಳು ವಿದ್ಯಾರ್ಜನೆಗಾಗಿ ವಿಜಯಪುರ, ಧಾರವಾಡಗಳಿಗೂ, ಕೆಲವರು ಸಮುದ್ರದಾಚೆಗೂ ಹೋಗುವ ಕಾಲವಿದು. ಮಗಳನ್ನು ದೂರ ಕಳುಹಿಸುವ ತಾಯಿತಂದೆಗಳು ಮೊದಲು ಕೇಳುವ ಪ್ರಶ್ನೆಗಳು ಮೂರು: ಎಲ್ಲಿರುವಳು, ಏನುಣ್ಣುವಳು, ವೆಚ್ಚಕ್ಕೆ ದಾರಿಯೇನು? ಈ ಪ್ರಶ್ನೆಗಳಿಗೆ ತಮ್ಮ ನಡೆಯಿಂದಲೇ ಉತ್ತರವಿತ್ತ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆ ಸಂಕ್ಷೇಪವಾಗಿ ಇಡುವೆವು.

ರಮಾಬಾಯಿಯವರು ಇ. ಸ. ೧೮೫೮ನೆಯ ಏಪ್ರಿಲ್ ೨೩ರಂದು ಕರ್ನಾಟಕದ ಪಶ್ಚಿಮ ಘಟ್ಟದಲ್ಲಿರುವ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಲೋಕಾಪವಾದವನ್ನು ಲಕ್ಷಿಸದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದಳು. ಕ್ಷಾಮದಲ್ಲಿ ತಾಯಿತಂದೆಗಳು ತೀರಿದ ಬಳಿಕ ರಮಾಬಾಯಿಯವರು ಅಣ್ಣನೊಡನೆ ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ, ೧೮೭೮ರಲ್ಲಿ ಕಲಕತ್ತೆಯನ್ನು ಸೇರಿ, ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಪಡೆದರು. ೧೮೮೨ರಲ್ಲಿ ಪತಿಯನ್ನು ಕಳೆದುಕೊಂಡು, ಕೈಗೂಸಾದ ಮನೋರಮೆಯೊಡನೆ ಪುಣೆಗೆ ಬಂದರು.

ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಹಂಬಲ ಅವರಿಗಿದ್ದಿತು, ಹಣವಿರಲಿಲ್ಲ. ತಾವು ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿ ಎಂಬ ಪುಸ್ತಕದ ಮಾರಾಟದಿಂದ ಬಂದ ಹಣವನ್ನೇ ಹಡಗಿನ ಬಾಡಿಗೆಗೆ ಬಳಸಿ, ೧೮೮೩ರಲ್ಲಿ ಮಗಳನ್ನೂ ಆನಂದೀಬಾಯಿ ಭಗತ ಎಂಬ ಸಂಗಾತಿಯನ್ನೂ ಕರೆದುಕೊಂಡು ಇಂಗ್ಲಂಡಕ್ಕೆ ಹೊರಟರು. ಅಲ್ಲಿ ವಾಂಟೇಜ್ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ವಸತಿ ದೊರೆಯಿತು. ಆದರೆ ಪುಕ್ಕಟೆಯ ಅನ್ನವನ್ನು ಉಣ್ಣಲು ಅವರ ಮನಸ್ಸು ಒಪ್ಪಲಿಲ್ಲ. ಭರತಖಂಡಕ್ಕೆ ಹೊರಡಲಿದ್ದ ಸಂನ್ಯಾಸಿನಿಯರಿಗೆ ಮರಾಠಿಯನ್ನು ಕಲಿಸಿ, ತಾವು ಅವರಿಂದ ಇಂಗ್ಲೀಷನ್ನು ಕಲಿತರು. ಹೀಗೆ ಅವರ ವಿದ್ಯೆಯೇ ಊಟವಸತಿಗಳ ಋಣವನ್ನು ತೀರಿಸಿತು.

ಆ ವರ್ಷವೇ ಸಂಗಾತಿಯು ಪರದೇಶದಲ್ಲಿ ಅಕಾಲ ಮೃತ್ಯುವಿಗೆ ಈಡಾದಳು. ಆ ಆಘಾತದಿಂದ ರಮಾಬಾಯಿಯವರು ಎಷ್ಟು ಕುಗ್ಗಿದರೆಂದರೆ, ಆಕ್ಸಫರ್ಡಿನಲ್ಲಿ ಪಂಡಿತ ಮ್ಯಾಕ್ಸ್ ಮುಲ್ಲರರ ಮನೆಯಲ್ಲಿದ್ದಾಗ ರಾತ್ರಿ ಒಬ್ಬರೇ ಮಲಗಲಾರದೆ ಹೋದರು. ಮನೆಯವರು ಒಬ್ಬ ಸೇವಕಿಯನ್ನು ಅವರ ಕೋಣೆಯಲ್ಲಿಯೇ ಮಲಗಿಸಬೇಕಾಯಿತು. ಪರದೇಶವಾಸದ ವೆಚ್ಚವನ್ನು ಎಣಿಸುವವರು ಈ ಒಂಟಿತನವನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಕಿವಿಯ ಮಂದತೆಯಿಂದ ವೈದ್ಯವಿದ್ಯೆಯ ಆಶೆಯನ್ನು ಬಿಡಬೇಕಾಗಲು, ೧೮೮೪ರಲ್ಲಿ ಡೊರೊಥಿಯಾ ಬೀಲ್ ಎಂಬವರು ಮುಖ್ಯಾಧ್ಯಾಪಕಿಯಾಗಿದ್ದ ಚೆಲ್ಟನಹ್ಯಾಂ ಸ್ತ್ರೀಯರ ಕಾಲೇಜನ್ನು ಸೇರಿ, ಸಂಸ್ಕೃತವನ್ನು ಕಲಿಸುತ್ತ ತಾವು ಗಣಿತ, ಸೃಷ್ಟಿವಿಜ್ಞಾನಗಳನ್ನು ಅಭ್ಯಸಿಸಿದರು. ಪುಟ್ಟ ಮನೋರಮೆಯು ವಾಂಟೇಜದಲ್ಲಿ ಉಳಿದಳು. ಅಷ್ಟರಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದರೂ ರಮಾಬಾಯಿಯವರು ಶಾಕಾಹಾರವನ್ನೂ ಸ್ವದೇಶದ ಉಡುಪನ್ನೂ ಬಿಡಲಿಲ್ಲ. ಹಿತೈಷಿಗಳಲ್ಲಿ ಕೆಲವರಿಗೆ ಇದು ಹಟವೆಂದು ತೋರಿತು.

೧೮೮೬ರಲ್ಲಿ ಅವರು ಅಮೇರಿಕೆಯ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ಮಾರ್ಚ್ ೧೧ರಂದು ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭದಲ್ಲಿ ಹಾಜರಿದ್ದರು. ಜೋಶಿಯವರು ಆಭರಣಗಳನ್ನು ಮಾರಿ ಹಡಗನ್ನು ಏರಿದ್ದರು. ಅಲ್ಲಿಯ ಕಠಿಣ ಚಳಿಯಲ್ಲಿ ದೇಹ ಸೊರಗಿತು. ಮರುವರ್ಷ ಪುಣೆಯಲ್ಲಿ ಕ್ಷಯರೋಗದಿಂದ ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು. ರಮಾಬಾಯಿಯವರು ಮಾತ್ರ ಸುಮಾರು ಮೂರು ವರ್ಷ ಅಲ್ಲಿದ್ದು, ಉಪನ್ಯಾಸಗಳಿಂದಲೂ, ಉಚ್ಚ ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ೧೮೮೭ರಲ್ಲಿ ಪ್ರಕಟಿಸಿದ ಇಂಗ್ಲೀಷ ಪುಸ್ತಕದಿಂದಲೂ ಹಣವನ್ನು ಕೂಡಿಸಿದರು. ಬೋಸ್ಟನ್ ನಗರದಲ್ಲಿ ಅವರ ಹೆಸರಿನಿಂದ ಸ್ಥಾಪಿತವಾದ ಸಂಘವು ಹತ್ತು ವರ್ಷ ಸಹಾಯ ಮಾಡಲು ಒಪ್ಪಿತು.

ಸ್ವದೇಶಕ್ಕೆ ಮರಳಿ, ೧೮೮೯ನೆಯ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅಲ್ಲಿಯ ವಿಧವೆಯರು ತಮ್ಮ ತಮ್ಮ ಆಚಾರದಂತೆ ಅಡಿಗೆ ಮಾಡಿಕೊಂಡು ಉಣ್ಣಲು ಏರ್ಪಾಡು ಮಾಡಿದ್ದರು. ಪರರ ಮನೆಯಲ್ಲಿ ತಮ್ಮ ಊಟದ ನೇಮಕ್ಕಾಗಿ ಮಾತು ಕೇಳಿದವರು, ತಮ್ಮ ಮನೆಯಲ್ಲಿ ಇತರರ ನೇಮವನ್ನು ಕಾಪಾಡಿದರು. ವಿದ್ಯಾರ್ಥಿನಿಯರ ವಸತಿಗೃಹವನ್ನು ನಡೆಯಿಸುವ ನಮ್ಮಂಥವರಿಗೆ ಇದು ದೊಡ್ಡ ಪಾಠವೆಂದು ನಾವು ಭಾವಿಸುವೆವು.

ಮುಂದೆ ಕ್ಷಾಮಪೀಡಿತರಿಗೆ ಆಸರೆಯಾದ ಅವರ ಮುಕ್ತಿಸದನವು ಕೇಡಗಾಂವದಲ್ಲಿದೆ. ನಮ್ಮ ಇಂಡಿಯ ಕಡೆಯಿಂದ ಸೊಲ್ಲಾಪುರದ ಮಾರ್ಗವಾಗಿ ಪುಣೆಗೆ ಹೋಗುವವರಿಗೆ ಆ ಊರು ದೌಂಡದ ಆಚೆ ಸಿಗುವುದು. ನಮ್ಮ ನೆರೆಯ ಗುಲಬರ್ಗೆಯಲ್ಲಿ ಹುಡುಗಿಯರಿಗಾಗಿ ಶಾಲೆಯನ್ನು ತೆರೆದು, ಮನೋರಮೆಯನ್ನು ಅದಕ್ಕೆ ಮುಖ್ಯಾಧ್ಯಾಪಕಿಯನ್ನಾಗಿ ಮಾಡಿದರು. ಆ ಮಗಳು ೧೯೨೧ರಲ್ಲಿ ತೀರಿಕೊಳ್ಳಲು, ತಾಯಿಯೂ ೧೯೨೨ನೆಯ ಏಪ್ರಿಲ್ ೫ರಂದು ಇಹಲೋಕವನ್ನು ಬಿಟ್ಟರು.

ಪ್ರಿಯ ವಿದ್ಯಾರ್ಥಿನಿಯರೇ, ದೂರದೇಶಕ್ಕೆ ಹೊರಡುವಾಗ ಪ್ರಯಾಣದ ವೆಚ್ಚ, ವಸತಿ, ಊಟ, ಚಳಿಯ ಉಡುಪು ಇವನ್ನು ಮೊದಲೇ ಕಾಗದದ ಮೇಲೆ ಬರೆದು ಎಣಿಸಿರಿ. ಕಷ್ಟ ಬಂದ ರಾತ್ರಿ ಯಾರ ಬಾಗಿಲನ್ನು ತಟ್ಟಬಹುದೆಂಬುದನ್ನೂ ಬರೆದುಕೊಳ್ಳಿರಿ. ನಿಮಗೆ ಬರುವ ಒಂದು ವಿದ್ಯೆಯನ್ನು ಇತರರಿಗೆ ಕಲಿಸಬಲ್ಲಷ್ಟು ಚೆನ್ನಾಗಿ ಕಲಿತಿರಿ. ರಮಾಬಾಯಿಯವರಿಗೆ ಪರದೇಶದಲ್ಲಿ ಅನ್ನವಿಟ್ಟದ್ದು ಅದೇ.