ಪತ್ತೇದಾರಿಯಿಂದ ಬಾವುಟದವರೆಗೆ: ಮ. ರಾಮಮೂರ್ತಿಯವರ ಬದುಕು ಮತ್ತು ಬರಹ

1

ಮ. ರಾಮಮೂರ್ತಿ (1918–1967) ಅವರ ಹೆಸರು ಇಂದು ಕನ್ನಡಿಗರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಹಳದಿ ಮತ್ತು ಕೆಂಪು ಬಣ್ಣದ ಕನ್ನಡ ಬಾವುಟವನ್ನು ರೂಪಿಸಿದವರೆಂದು. ರಾಜ್ಯೋತ್ಸವದ ದಿನ ಹಳ್ಳಿಯ ಶಾಲೆಯಿಂದ ನಗರದ ಆಟೋರಿಕ್ಷಾ ನಿಲ್ದಾಣದವರೆಗೆ ಆ ಬಾವುಟ ಹಾರುತ್ತದೆ. ಆದರೆ ಅದನ್ನು ಕೊಟ್ಟ ವ್ಯಕ್ತಿಯ ನಿತ್ಯದ ಕಸುಬು ಬರವಣಿಗೆಯಾಗಿತ್ತು, ಆ ಬರವಣಿಗೆಯಲ್ಲಿ ದೊಡ್ಡ ಪಾಲು ಪತ್ತೇದಾರಿ ಕಾದಂಬರಿಗಳದಾಗಿತ್ತು ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅವರ ಕಾದಂಬರಿಗಳ ಸಂಖ್ಯೆ ನೂರನ್ನು ಮೀರುತ್ತದೆ. ಕನ್ನಡ ಚಳವಳಿಯ ಚರಿತ್ರೆಯನ್ನು ಬರೆಯುವವರು ಈ ಕಾದಂಬರಿಗಳನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಸಾಹಿತ್ಯ ಚರಿತ್ರೆಯನ್ನು ಬರೆಯುವವರು ಆ ಒಂದು ವಾಕ್ಯಕ್ಕೂ ಎಡೆಕೊಡುವುದು ಅಪರೂಪ. ಹೀಗೆ ಒಬ್ಬ ಲೇಖಕರ ಬದುಕು ಎರಡು ಭಾಗವಾಗಿ ಒಡೆದುಹೋಗಿದೆ. ಕಾದಂಬರಿಕಾರ ಮತ್ತು ಚಳವಳಿಗಾರ ಎಂಬ ಈ ಎರಡು ಪಾತ್ರಗಳು ಒಂದೇ ದುಡಿಮೆಯ ಎರಡು ಮುಖಗಳೆಂದೂ ಕನ್ನಡ ಓದುವ ಸಮುದಾಯವೊಂದನ್ನು ನಗರದಲ್ಲಿ ಕಟ್ಟುವುದೇ ಆ ದುಡಿಮೆಯ ಗುರಿಯಾಗಿತ್ತೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ರಾಮಮೂರ್ತಿಯವರು ಹುಟ್ಟಿದ್ದು 1918ರ ಮಾರ್ಚ್ 11ರಂದು, ನಂಜನಗೂಡಿನಲ್ಲಿ. ತಂದೆ ಸೀತಾರಾಮಶಾಸ್ತ್ರಿಗಳು ಪತ್ರಕರ್ತರೂ ಕಾದಂಬರಿಕಾರರೂ ಆಗಿದ್ದವರು. ಅವರು ನಡೆಸಿದ 'ವೀರಕೇಸರಿ' ಪತ್ರಿಕೆಯ ಹೆಸರೇ ಅವರ ಹೆಸರಿನ ಮುಂದೆ ಬಿರುದಿನಂತೆ ನಿಂತಿತು. ಬರವಣಿಗೆ, ಅಚ್ಚು, ಮಾರಾಟ, ಸಾರ್ವಜನಿಕ ಹೋರಾಟ ಇವು ಬೇರೆಬೇರೆಯಾಗಿರದ ಮನೆತನವದು. ಸಂಪಾದಕನೇ ಲೇಖಕನೂ ಆಗಿ, ಚಂದಾ ವಸೂಲಿಯನ್ನೂ ತಾನೇ ನೋಡಿಕೊಳ್ಳುವುದು ಆ ಕಾಲದ ಕನ್ನಡ ಪತ್ರಿಕೋದ್ಯಮದ ಸಾಮಾನ್ಯ ಸ್ಥಿತಿಯಾಗಿತ್ತು. ಮಗನ ಮುಂದಿನ ಬದುಕನ್ನು ಅರಿಯಲು ಈ ಹಿನ್ನೆಲೆ ಮುಖ್ಯ. ಬರೆದದ್ದನ್ನು ಓದುಗನ ಕೈಗೆ ತಲುಪಿಸುವವರೆಗೆ ಲೇಖಕನ ಕೆಲಸ ಮುಗಿಯುವುದಿಲ್ಲವೆಂಬ ತಿಳಿವಳಿಕೆ ರಾಮಮೂರ್ತಿಯವರಿಗೆ ಹುಟ್ಟಿದ ಪರಿಸರದಿಂದಲೇ ಬಂದಿತ್ತೆನ್ನಬಹುದು.

ಕನ್ನಡದಲ್ಲಿ ಈ ತಿಳಿವಳಿಕೆಗೆ ಒಂದು ಪರಂಪರೆಯೇ ಇದೆ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು ಎಲ್ಲರೂ ಬಲ್ಲ ಸಂಗತಿ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಪುಸ್ತಕ ಪ್ರಕಟಿಸುವ ಕ್ರಮವನ್ನು ಗಟ್ಟಿಗೊಳಿಸಿತು. ಜಿ.ಪಿ. ರಾಜರತ್ನಂ ಅವರು ಪುಸ್ತಕಗಳನ್ನು ಹೊತ್ತು ಓದುಗರ ಬಳಿಗೇ ಹೋದರು. ಇವರೆಲ್ಲರ ಪುಸ್ತಕ ಪರಿಚಾರಿಕೆಯನ್ನು ನಮ್ಮ ಸಾಹಿತ್ಯ ಚರಿತ್ರೆ ಗೌರವದಿಂದ ನೆನೆಯುತ್ತದೆ. ಅದೇ ಕೆಲಸವನ್ನು ಪತ್ತೇದಾರಿ ಕಾದಂಬರಿಕಾರರು ಮಾಡಿದಾಗ ಮಾತ್ರ ಅದು ವ್ಯಾಪಾರವೆನಿಸಿಕೊಳ್ಳುತ್ತದೆ. ಈ ಭೇದದ ಹಿಂದಿರುವ ಮೌಲ್ಯಮಾಪನದ ಕ್ರಮವನ್ನು ಪ್ರಶ್ನಿಸಬೇಕಾಗಿದೆ.

3

ಪತ್ತೇದಾರಿ ಕಾದಂಬರಿಯ ಆರ್ಥಿಕತೆ ಸರಳವಾದುದು, ಆದರೆ ಕಠಿಣವಾದುದು. ಕಡಿಮೆ ಬೆಲೆ, ಅಗ್ಗದ ಕಾಗದ, ಕಣ್ಸೆಳೆಯುವ ಮುಖಚಿತ್ರ, ತಿಂಗಳಿಗೊಂದು ಎಂಬಂತೆ ಹೊರಬೀಳುವ ವೇಗ ಇವು ಅದರ ಆಧಾರಗಳು. ಒಂದು ಪುಸ್ತಕದಿಂದ ಬರುವ ಸಂಭಾವನೆ ಅಲ್ಪ. ಆದುದರಿಂದ ಲೇಖಕನು ನಿಲ್ಲದೆ ಬರೆಯಬೇಕು. ಹೊಸ ಪುಸ್ತಕದ ಪ್ರಚಾರಕ್ಕೆ ಹಳೆಯ ಪುಸ್ತಕವೇ ಸಾಧನ. ಹಿಂಬದಿಯ ರಕ್ಷಾಪುಟದಲ್ಲಿ ಮುಂಬರುವ ಕಾದಂಬರಿಯ ಹೆಸರಿರುತ್ತದೆ. ಒಮ್ಮೆ ಓದುಗರ ಮೆಚ್ಚುಗೆ ಪಡೆದ ಪತ್ತೇದಾರನು ಮತ್ತೆಮತ್ತೆ ಬರುತ್ತಾನೆ. ವಿಮರ್ಶೆಯ ಬೆಂಬಲವಾಗಲಿ ಪಠ್ಯಪುಸ್ತಕ ಸಮಿತಿಯ ಕೃಪೆಯಾಗಲಿ ಇಲ್ಲದ ಈ ಪ್ರಕಾರಕ್ಕೆ ಬಸ್ ನಿಲ್ದಾಣದ ಅಂಗಡಿ ಮತ್ತು ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳೇ ಆಸರೆಯಾಗಿದ್ದವು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ, ನಾನಾ ಕೂಲಿ ಕೆಲಸಗಳನ್ನು ಮಾಡಿ, 'ಪತ್ತೇದಾರ ಪುರುಷೋತ್ತಮ'ನ ಮೂಲಕ ಮನೆಮಾತಾಗಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರೂ (1925–2011) ಇದೇ ಜಗತ್ತಿನವರು.

ರಾಮಮೂರ್ತಿಯವರು ಈ ಜಗತ್ತಿನಲ್ಲಿದ್ದೂ ಒಂದು ವಿಷಯದಲ್ಲಿ ಭಿನ್ನರು. ಅವರು ಪತ್ರಕರ್ತರೂ ಆಗಿದ್ದುದರಿಂದ ಓದುಗರೊಡನೆ ಅವರಿಗೆ ಎರಡು ಬಗೆಯ ಸಂಬಂಧವಿತ್ತು. ಕಾದಂಬರಿಯ ಮೂಲಕ ಕುತೂಹಲದಿಂದ ಹತ್ತಿರ ಬಂದ ಓದುಗನನ್ನು ಪತ್ರಿಕೆಯ ಮೂಲಕ ನಾಡಿನ ಪ್ರಶ್ನೆಗಳ ಕಡೆಗೆ ತಿರುಗಿಸಲು ಅವಕಾಶವಿತ್ತು. ಅವರ 'ಕನ್ನಡ ಯುವಜನ' ಪತ್ರಿಕೆಯನ್ನು ಈ ದೃಷ್ಟಿಯಿಂದ ನೋಡಬೇಕು. ಕನ್ನಡ ಪುಸ್ತಕವನ್ನು ಕೊಳ್ಳಿರಿ ಎಂಬ ಕೋರಿಕೆಯೂ ಕನ್ನಡದಲ್ಲಿ ವ್ಯವಹರಿಸಿರಿ ಎಂಬ ಕರೆಯೂ ಒಂದೇ ಜನರನ್ನು ಉದ್ದೇಶಿಸಿದಾಗ ಪ್ರಚಾರಕ್ಕೂ ಚಳವಳಿಗೂ ನಡುವಣ ಗೆರೆ ತೆಳುವಾಗುತ್ತದೆ.

4

ಈ ಓದುಗರು ಯಾರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1949ರಲ್ಲಿ ಬೆಂಗಳೂರು ನಗರ ಮತ್ತು ದಂಡು ಪ್ರದೇಶಗಳು ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದವು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳು ಬೆಳೆದಂತೆ ಹಳ್ಳಿಗಳಿಂದಲೂ ನೆರೆಯ ರಾಜ್ಯಗಳಿಂದಲೂ ಜನ ಬಂದು ನೆಲೆಸಿದರು. ಇತ್ತ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಇಂತಹುದೇ ಬಹುಭಾಷಿಕ ಕಾರ್ಮಿಕ ಸಮುದಾಯವನ್ನು ಸೃಷ್ಟಿಸಿದ್ದವು. ತುಸು ಓದು ಬರಹ ಬಲ್ಲ, ತಿಂಗಳ ಸಂಬಳ ಪಡೆಯುವ, ಪಾಳಿಯ ಕೆಲಸದ ನಡುವೆ ಬಿಡುವು ಕಾಣುವ ಈ ವರ್ಗಕ್ಕೆ ನವ್ಯ ಸಾಹಿತ್ಯದ ಅಂತರ್ಮುಖತೆಗಿಂತ ಪತ್ತೇದಾರಿಯ ಕಥನಕುತೂಹಲ ಹತ್ತಿರವಾದದ್ದು ಸಹಜ.

ಆ ಕಾಲದ ಬೆಂಗಳೂರಿನಲ್ಲಿ ಕನ್ನಡಕ್ಕೆ ಸಲ್ಲುತ್ತಿದ್ದ ಸ್ಥಾನ ದೊಡ್ಡದಾಗಿರಲಿಲ್ಲ. ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣಗಳಲ್ಲಿ ಇಂಗ್ಲಿಷ್ ನೆಲೆಸಿತ್ತು. ಚಿತ್ರಮಂದಿರಗಳಲ್ಲಿ ಪರಭಾಷೆಯ ಚಿತ್ರಗಳು ಮೇಲುಗೈ ಪಡೆದಿದ್ದವು. ಈ ಹಿನ್ನೆಲೆಯಲ್ಲಿ ಪತ್ತೇದಾರಿ ಕಾದಂಬರಿಯ ಒಂದು ಲಕ್ಷಣ ವಿಶೇಷ ಅರ್ಥ ಪಡೆಯುತ್ತದೆ. ಅದರ ಲೋಕದಲ್ಲಿ ಪೊಲೀಸ್ ಇನ್ಸ್‌ಪೆಕ್ಟರು, ವಕೀಲ, ವೈದ್ಯ, ಬ್ಯಾಂಕಿನ ಅಧಿಕಾರಿ, ಹೋಟೆಲಿನ ಮಾಲೀಕ ಎಲ್ಲರೂ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಹಜರು, ವಿಚಾರಣೆ, ತರ್ಕ, ತೀರ್ಮಾನ ಎಲ್ಲವೂ ಕನ್ನಡದಲ್ಲಿ ನಡೆಯುತ್ತವೆ. ವಾಸ್ತವದ ನಗರ ಕನ್ನಡಕ್ಕೆ ಬಿಟ್ಟುಕೊಡದಿದ್ದ ಜಾಗವನ್ನು ಈ ಅಗ್ಗದ ಪುಸ್ತಕ ಕಲ್ಪನೆಯಲ್ಲಿ ಕೊಟ್ಟಿತ್ತು. ಅಂತಹ ನಗರವನ್ನು ಕಾದಂಬರಿಯಲ್ಲಿ ಮತ್ತೆಮತ್ತೆ ಬರೆದ ಲೇಖಕರು ಅದನ್ನು ಬೀದಿಯಲ್ಲಿಯೂ ಕೇಳಲು ಹೊರಟರೆಂಬುದು ಆಕಸ್ಮಿಕವಾಗಿರಲಾರದು.

1962ರ ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಸ್ಥಾನ ಬೇಕೆಂದು ಅ.ನ.ಕೃ. ಅವರ ಮುಂದಾಳುತನದಲ್ಲಿ ನಡೆದ ಪ್ರತಿಭಟನೆಯ ತರುವಾಯ ಬೆಂಗಳೂರಿನ ಕನ್ನಡ ಚಳವಳಿ ಹೊಸ ಹುರುಪು ಪಡೆಯಿತು. ಇದರ ಮುಂಚೂಣಿಯಲ್ಲಿ ರಾಮಮೂರ್ತಿಯವರಿದ್ದರು. ಅವರು ಕಟ್ಟಿದ ಕನ್ನಡ ಪಕ್ಷವು ಭಾಷೆಯ ಪ್ರಶ್ನೆಯನ್ನು ರಾಜಕೀಯ ಸಂಘಟನೆಯ ರೂಪಕ್ಕೆ ತಂದಿತು. ಅರಿಶಿನ–ಕುಂಕುಮಗಳ ಬಣ್ಣದ ಬಾವುಟ ಮೂಡಿದ್ದು ಈ ಅವಧಿಯಲ್ಲಿಯೇ. ಒಂದು ಸಂಕೇತವು ದೂರದಿಂದಲೇ ಗುರುತು ಸಿಗಬೇಕು, ಓದಲು ಬಾರದವನಿಗೂ ತಿಳಿಯಬೇಕು ಎಂಬ ಅರಿವು, ಮುಖಚಿತ್ರದಿಂದಲೇ ಓದುಗನನ್ನು ತಡೆದು ನಿಲ್ಲಿಸಬೇಕಾಗಿದ್ದ ಕಸುಬಿನವರಿಗೆ ಹೊಸದಲ್ಲ. ಅನುಯಾಯಿಗಳು ಅವರನ್ನು ಕನ್ನಡದ ವೀರಸೇನಾನಿಯೆಂದು ಕರೆದರು.

ಈ ಚಳವಳಿಯನ್ನು ಪೂರ್ಣ ಮೆಚ್ಚುಗೆಯಿಂದ ಮಾತ್ರ ನೋಡಲಾಗದು. ಅನ್ಯಭಾಷಿಕ ಕಾರ್ಮಿಕರ ಬಗೆಗಿನ ಅಸಹನೆಯ ಎಳೆಗಳು ಅದರಲ್ಲಿದ್ದವು. ಹಾಗೆಯೇ ಆ ಕಾಲದ ಪತ್ತೇದಾರಿ ಕಾದಂಬರಿಗಳ ಸಿದ್ಧ ಮಾದರಿಯ ಕಥಾವಸ್ತು, ಅವಸರದ ಗದ್ಯ, ಇಂಗ್ಲಿಷ್ ಪತ್ತೇದಾರಿಯ ಋಣ ಇವನ್ನೂ ಮರೆಮಾಚಬೇಕಾಗಿಲ್ಲ. ಕಲಾಕೃತಿಯೆಂದು ಮೇಲೇರಿಸುವುದಕ್ಕಿಂತ, ಓದುವ ಅಭ್ಯಾಸದ ಚರಿತ್ರೆಯಲ್ಲಿ ಇವುಗಳಿಗೆ ಸಲ್ಲಬೇಕಾದ ಸ್ಥಾನವನ್ನು ಗುರುತಿಸುವುದು ಸಂಶೋಧನೆಯ ಕೆಲಸ.

5

1967ರ ಡಿಸೆಂಬರ್ 25ರಂದು ಬೆಂಗಳೂರಿನ ಹೊರವಲಯದ ತಲಘಟ್ಟಪುರದಲ್ಲಿದ್ದ ತಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ನಡೆದ ದುರಂತದಲ್ಲಿ ರಾಮಮೂರ್ತಿಯವರು ತಮ್ಮ ಇಬ್ಬರು ಗಂಡುಮಕ್ಕಳೊಡನೆ ತೀರಿಕೊಂಡರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಚಳವಳಿಯೂ ಬರವಣಿಗೆಯೂ ಒಟ್ಟಿಗೆ ನಿಂತುಹೋದವು. ಆರು ವರ್ಷಗಳ ಬಳಿಕ, 1973ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ನೋಡಲು ಅವರಿರಲಿಲ್ಲ. ಬೆಂಗಳೂರಿನ ಪೂರ್ವ ಭಾಗದ ರಾಮಮೂರ್ತಿನಗರ ಅವರ ಹೆಸರನ್ನು ಉಳಿಸಿಕೊಂಡಿದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಾಡಧ್ವಜದ ಹೊಸ ವಿನ್ಯಾಸವನ್ನು ಮುಂದಿಟ್ಟಾಗಲೂ ಹಳದಿ, ಕೆಂಪುಗಳನ್ನು ಬಿಡಲಾಗಲಿಲ್ಲ. ನಡುವೆ ಬಿಳಿಯ ಪಟ್ಟಿಯೂ ಗಂಡಭೇರುಂಡವೂ ಸೇರಿದವು.

ಬಾವುಟಕ್ಕೆ ದೊರೆತ ಈ ಬಾಳಿಕೆ ಪುಸ್ತಕಗಳಿಗೆ ದೊರೆಯಲಿಲ್ಲ. ಇದಕ್ಕೆ ಕಾರಣ ಅವುಗಳ ಜನಪ್ರಿಯತೆಯಲ್ಲಿಯೇ ಇದೆ. ಬಾಡಿಗೆಯ ಪುಸ್ತಕ ಕೈಯಿಂದ ಕೈಗೆ ಹೋಗಿ ಹರಿದುಹೋಗುತ್ತದೆ. ಅಗ್ಗದ ಕಾಗದ ಹಳದಿಗಟ್ಟಿ ಪುಡಿಯಾಗುತ್ತದೆ. ಹೆಚ್ಚು ಜನ ಓದಿದ ಪುಸ್ತಕವೇ ಮೊದಲು ಕಣ್ಮರೆಯಾಗುವ ಈ ವಿಪರ್ಯಾಸ ಕನ್ನಡ ಸಂಶೋಧನೆಯ ಮುಂದೆ ಒಂದು ತುರ್ತನ್ನು ಇಡುತ್ತದೆ. ಹಸ್ತಪ್ರತಿಗಳಿಗಾಗಿ ನಮ್ಮ ವಿದ್ವಾಂಸರು ಹಳ್ಳಿಹಳ್ಳಿಗಳ ಅಟ್ಟಗಳನ್ನು ಹುಡುಕಿದರು. ಅದೇ ಶ್ರದ್ಧೆಯಿಂದ ಇಪ್ಪತ್ತನೆಯ ಶತಮಾನದ ಈ ಮುದ್ರಿತ ಪುಸ್ತಕಗಳನ್ನು ಮುಚ್ಚಿಹೋದ ಬಾಡಿಗೆ ಪುಸ್ತಕದಂಗಡಿಗಳಿಂದಲೂ ಹಳೆಯ ಓದುಗರ ಮನೆಗಳಿಂದಲೂ ಕಲೆಹಾಕಬೇಕಾಗಿದೆ. ಆ ಕೆಲಸ ನಡೆಯದಿದ್ದರೆ, ಕನ್ನಡಿಗರು ಏನನ್ನು ಓದಬೇಕಾಗಿತ್ತು ಎಂಬುದರ ಚರಿತ್ರೆ ನಮ್ಮಲ್ಲಿ ಉಳಿದೀತು. ಅವರು ವಾಸ್ತವವಾಗಿ ಏನನ್ನು ಓದಿದರು ಎಂಬುದರ ಚರಿತ್ರೆ ಉಳಿಯದು. ರಾಮಮೂರ್ತಿಯವರ ಬಾವುಟವನ್ನು ಎತ್ತಿ ಹಿಡಿದ ಕೈಗಳಲ್ಲಿ ಹಲವು, ಮೊದಲು ಹಿಡಿದ ಕನ್ನಡ ಪುಸ್ತಕ ಒಂದು ಪತ್ತೇದಾರಿ ಕಾದಂಬರಿಯಾಗಿದ್ದಿರಬಹುದು. ಆ ಸಾಧ್ಯತೆಯನ್ನು ಪರಿಶೀಲಿಸಲು ಬೇಕಾದ ಆಕರಗಳು ಇನ್ನೂ ಪೂರ್ತಿಯಾಗಿ ಕೈತಪ್ಪಿಲ್ಲ.