ಗುನ್‌ಪೇ ಯೊಕೊಯಿ: ಹಳೇ ಚಿಪ್‌ನಲ್ಲೇ ಗೆದ್ದವರು

ನಮ್ಮ ಕಂಟೋನ್ಮೆಂಟ್ ರೂಮಲ್ಲಿ ಕನ್ಸೋಲ್ ಮಾತು ಬಂದ್ರೆ ಟೆರಾಫ್ಲಾಪ್ ಜಗಳ ಗ್ಯಾರಂಟಿ. ಆಗೆಲ್ಲ ನನಗೆ ಯೊಕೊಯಿ ನೆನಪಾಗ್ತಾರೆ. 1941ರಲ್ಲಿ ಕ್ಯೋಟೊದಲ್ಲಿ ಹುಟ್ಟಿ, ಎಲೆಕ್ಟ್ರಾನಿಕ್ಸ್ ಓದಿ, 1965ರಲ್ಲಿ ನಿಂಟೆಂಡೊ ಸೇರಿದರು. ಕೆಲಸ? ಇಸ್ಪೀಟ್ ಎಲೆ ಮಾಡೋ ಮಷಿನ್‌ಗಳ ಮೇಂಟೆನೆನ್ಸ್! (ಪ್ಲೇಸ್‌ಮೆಂಟ್ ಟೆನ್ಷನ್ ಇರೋರು ಗಮನಿಸಿ.)

1989ರಲ್ಲಿ ಅವರ ತಂಡ ತಂದ ಗೇಮ್ ಬಾಯ್‌ಗೆ ಬಣ್ಣ ಇರಲಿಲ್ಲ, ಸ್ಕ್ರೀನ್‌ಗೆ ಬೆಳಕೂ ಇರಲಿಲ್ಲ. ಸೆಗಾದ ಗೇಮ್ ಗಿಯರ್‌ಗೆ ಎರಡೂ ಇತ್ತು, ಆದ್ರೆ ಆರು ಸೆಲ್ ಕೆಲವೇ ಗಂಟೆಯಲ್ಲಿ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ 10 ಗಂಟೆ ದಾಟುತ್ತಿತ್ತು, ರೇಟೂ ಕಡಿಮೆ. ಟೆಟ್ರಿಸ್‌ಗೆ ಇನ್ನೇನು ಬೇಕು? ಕಲರ್ ಮಾಡೆಲ್ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾಯಿತು.

ಹಾಗಂತ ಸಿಂಪಲ್ ಆಗಿದ್ದೆಲ್ಲ ಗೆಲ್ಲಲ್ಲ. ಅವರದೇ ವರ್ಚುವಲ್ ಬಾಯ್, ಬರೀ ಕೆಂಪು ಚಿತ್ರದ್ದು, 1995ರಲ್ಲಿ ಬಂದು ವರ್ಷದೊಳಗೇ ಮುಳುಗಿತು. 1996ರಲ್ಲಿ ನಿಂಟೆಂಡೊ ಬಿಟ್ಟರು. ಮರುವರ್ಷ ಅಕ್ಟೋಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಕೈಹಚ್ಚಿದ್ದ ವಂಡರ್‌ಸ್ವಾನ್ 1999ರಲ್ಲಿ ಬಂತು. ಅದಕ್ಕೆ ಒಂದೇ ಸೆಲ್ ಸಾಕಿತ್ತು.